ಸೋತ ಲಿವರಿಗೆ ಎಣ್ಣೆಯ ಡ್ರಿಪ್

ಕಾಮಾಲೆ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ತುಪ್ಪ, ಒಗ್ಗರಣೆ. ಆಮೇಲೆ ಗಂಜಿ, ಮಜ್ಜಿಗೆಯ ಪಥ್ಯ. ಹೀಗಿರುವಾಗ, ಸಿರೋಸಿಸ್ ಹಿಡಿದ ಲಿವರಿನಿಂದ ಗಡ್ಡೆ ಕತ್ತರಿಸಿ ತೆಗೆದವರ ರಕ್ತನಾಳಕ್ಕೆ ಹಾಲಿನಂಥ ಬಿಳಿ ಎಣ್ಣೆ ಇಳಿಯುತ್ತಿದ್ದರೆ ಮನೆಯವರು ಗಾಬರಿಪಡುವುದು ಸಹಜ. ಸರ್ಜನ್‌ಗಳೂ ಬಹುಕಾಲ ಇದಕ್ಕೆ ಹೆದರಿದ್ದರು.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಕೋರ್ಟನ್ ನಾಯಿಯ ರಕ್ತನಾಳಕ್ಕೆ ಆಲಿವ್ ಎಣ್ಣೆ ಚುಚ್ಚಿ ನೋಡಿದ, ನಾಯಿ ಸತ್ತಿತು. ಎಣ್ಣೆ ರಕ್ತದಲ್ಲಿ ಬೆರೆಯದು, ದಪ್ಪ ಹನಿಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1950ರ ದಶಕದಲ್ಲಿ ಅಮೆರಿಕದವರು ಹತ್ತಿಬೀಜದ ಎಣ್ಣೆಯನ್ನು ಕದಡಿ 'ಲಿಪೋಮುಲ್' ಮಾಡಿದರು. ಜ್ವರ, ಕಾಮಾಲೆ, ರಕ್ತಸ್ರಾವ ಕಾಣಿಸಿಕೊಂಡು ಅದೂ ಮೂಲೆ ಸೇರಿತು.

ಗೆದ್ದದ್ದು ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್. ಹಲವು ಎಣ್ಣೆಗಳನ್ನು ನಾಯಿಗಳ ಮೇಲೆ ಪರೀಕ್ಷಿಸಿ, ಕೊನೆಗೆ ಆರಿಸಿದ್ದು ಸೋಯಾ ಎಣ್ಣೆ. ಅದನ್ನು ನೀರಿನಲ್ಲಿ ಹಿಡಿದಿಡಲು ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್. ಹನಿಗಳು ಮೈಕ್ರಾನ್‌ಗಿಂತ ಚಿಕ್ಕವು, ಊಟದ ನಂತರ ಕರುಳಿನಿಂದ ರಕ್ತಕ್ಕೆ ಬರುವ ಕೊಬ್ಬಿನ ಕಣಗಳಷ್ಟೇ. 1962ರಲ್ಲಿ ಸ್ವೀಡನ್ 'ಇಂಟ್ರಾಲಿಪಿಡ್'ಗೆ ಅನುಮತಿ ಕೊಟ್ಟಿತು. ಲಿಪೋಮುಲ್‌ನಿಂದ ಕೈಸುಟ್ಟುಕೊಂಡ ಅಮೆರಿಕ 1975ರವರೆಗೂ ಒಪ್ಪಲಿಲ್ಲ. ಅಲ್ಲಿಯವರೆಗೆ ಅಲ್ಲಿನವರು ಕ್ಯಾಲೊರಿಗಾಗಿ ಗ್ಲೂಕೋಸನ್ನೇ ಸುರಿದರು. ಹೆಚ್ಚಾದ ಗ್ಲೂಕೋಸ್ ಲಿವರಿನಲ್ಲಿ ಕೊಬ್ಬಾಗಿ ಕೂರುತ್ತದೆ! ಕೊಬ್ಬಿಗೆ ಹೆದರಿ ಕೊಬ್ಬನ್ನೇ ಬೆಳೆಸಿದಂತಾಯಿತು.

ರೋಗಿಷ್ಠ ಲಿವರಿನ ಕಥೆಯೇ ಬೇರೆ. ಆರೋಗ್ಯವಂತರ ಲಿವರ್ ರಾತ್ರಿಯ ಉಪವಾಸಕ್ಕೆ ಗ್ಲೈಕೋಜನ್ ಕೂಡಿಟ್ಟಿರುತ್ತದೆ. ಸಿರೋಸಿಸ್‌ನಲ್ಲಿ ಆ ಗಂಟು ಬರಿದು. ಒಂದು ರಾತ್ರಿ ಹಸಿದರೆ ಸಾಕು, ಉಳಿದವರು ಎರಡು ಮೂರು ದಿನ ಉಪವಾಸವಿದ್ದಾಗ ಆಗುವಂತೆ ದೇಹ ಕೊಬ್ಬನ್ನು ಉರಿಸತೊಡಗುತ್ತದೆ, ಸ್ನಾಯುವೂ ಕರಗುತ್ತದೆ. ಆಪರೇಷನ್‌ಗೆ ಮುಂಚೆಯೇ ಕೃಶವಾಗಿರುವ ದೇಹ ಇದು. ಉಳಿದ ತುಂಡು ಲಿವರ್ ಮತ್ತೆ ಬೆಳೆಯಬೇಕಾದ ಹೊತ್ತೂ ಇದೇ.

ಇಂಥ ಲಿವರಿಗೆ ನಾಳದ ಮೂಲಕ ಕೊಬ್ಬು ಕೊಡಬಹುದೇ ಎಂಬ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಹಾಂಗ್‌ಕಾಂಗ್‌ನ ಕ್ವೀನ್ ಮೇರಿ ಆಸ್ಪತ್ರೆಯ ಸರ್ಜನ್ ಫಾನ್ ಶ್ಯೂಂಗ್-ಟಾಟ್ ಮತ್ತು ಸಂಗಡಿಗರು. ಲಿವರ್ ಕ್ಯಾನ್ಸರಿನ 124 ರೋಗಿಗಳಲ್ಲಿ 64 ಮಂದಿಗೆ ಮಾಮೂಲಿ ಊಟದ ಜೊತೆಗೆ, ಆಪರೇಷನ್ನಿನ ಹಿಂದೆಮುಂದೆ ಒಟ್ಟು 14 ದಿನ ನಾಳದ ಮೂಲಕ ಅಮೈನೋ ಆಮ್ಲ, ಗ್ಲೂಕೋಸ್, ಕೊಬ್ಬು ಕೊಟ್ಟರು. ಆ ಕೊಬ್ಬಿನಲ್ಲಿ ಅರ್ಧ ಮಧ್ಯಮ ಸರಪಳಿಯದು, ನಮ್ಮ ಕೊಬ್ಬರಿ ಎಣ್ಣೆಯಲ್ಲಿ ಹೇರಳವಾಗಿರುವ ಜಾತಿಯದು, ಬೇಗ ಉರಿದುಹೋಗುತ್ತದೆ. 1994ರಲ್ಲಿ ಪ್ರಕಟವಾದ ಫಲಿತಾಂಶ: ಬರೀ ಊಟದಲ್ಲಿದ್ದ ಉಳಿದವರಿಗೆ ಹೋಲಿಸಿದರೆ ಇವರಲ್ಲಿ ತೊಡಕುಗಳು ಶೇ 55ರಿಂದ ಶೇ 34ಕ್ಕೆ, ಸೋಂಕಿನ ತೊಂದರೆ ಶೇ 37ರಿಂದ ಶೇ 17ಕ್ಕೆ ಇಳಿದಿದ್ದವು. ಮೂರನ್ನೂ ಒಟ್ಟಿಗೆ ಕೊಟ್ಟದ್ದರಿಂದ ಪುಣ್ಯವೆಲ್ಲ ಕೊಬ್ಬಿನದೆನ್ನಲಾಗದು. ಆದರೆ ಕೊಬ್ಬು ಲಿವರನ್ನು ಕೆಡಿಸಲಿಲ್ಲ ಎಂಬುದಂತೂ ಕಂಡಿತು.

ಹಳೆಯ ಹೆದರಿಕೆ ಪೂರ್ತಿ ಸುಳ್ಳೂ ಆಗಲಿಲ್ಲ. ತಿಂಗಳುಗಟ್ಟಲೆ ನಾಳದ ಆಹಾರದಲ್ಲೇ ಇದ್ದ ಶಿಶುಗಳಲ್ಲಿ ಸೋಯಾ ಎಣ್ಣೆಯಿಂದಲೇ ಪಿತ್ತ ಕಟ್ಟಿಕೊಳ್ಳುವುದು ಹೆಚ್ಚುತ್ತದೆಂಬ ಅನುಮಾನ ಬಲವಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯರು ಬದಲಿಗೆ ಮೀನೆಣ್ಣೆ ಹಿಡಿದರು. ಅಂಥ ಮಕ್ಕಳಿಗಾಗಿ ಆ ಮೀನೆಣ್ಣೆಗೆ ಅಮೆರಿಕದ ಅನುಮತಿ ಸಿಕ್ಕಿದ್ದು 2018ರಲ್ಲಿ. ದೊಡ್ಡವರ ವಾರ್ಡಿನಲ್ಲಿ ಈಗಿನ ಕ್ರಮ ಸರಳ: ಕರುಳು ಕೆಲಸ ಮಾಡುತ್ತಿದ್ದರೆ ಬಾಯಿಂದಲೋ ಟ್ಯೂಬಿನಿಂದಲೋ ಊಟ. ಅದು ಸಾಲದಾದಾಗ ಮಾತ್ರ ಬಿಳಿ ಬಾಟಲಿ, ಜೊತೆಗೆ ಆಗಾಗ ಟ್ರೈಗ್ಲಿಸರೈಡ್ ಪರೀಕ್ಷೆ.