ಮೊದಲ ಸಲ ಆಳಸಮುದ್ರಕ್ಕೆ
ಜುಲೈ 31ಕ್ಕೆ ಮಳೆಗಾಲದ ನಿಷೇಧ ಮುಗಿದ ಮೇಲೆ ಮಲ್ಪೆ, ಮಂಗಳೂರು ದಕ್ಕೆಗಳಿಂದ ಆಳಸಮುದ್ರದ ಬೋಟುಗಳು ಹೊರಡುತ್ತವೆ; ಮರಳಲು ವಾರ, ಹತ್ತು ದಿನ ಬೇಕು. ಹೊಸಬರನ್ನು ಮೊದಲು ಕಾಡುವುದು ವಾಂತಿ. ದೇಹ ತೂಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಕ್ಯಾಬಿನ್ ಗೋಡೆ ನೋಡುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಹೊರಗೆ, ಬೋಟಿನ ನಡುಭಾಗದಲ್ಲಿ ಕುಳಿತು ದಿಗಂತ ನೋಡಬೇಕು. ಮೊಬೈಲ್ ಬೇಡವೇ ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮೊದಲೇ. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು. ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಒಗ್ಗುತ್ತದೆ.

ಬೋಟಿನಲ್ಲಿ ಸಿಹಿನೀರು ಲೆಕ್ಕದ್ದು. ವುಝೂಗೆ ಸಮುದ್ರದ ನೀರೇ ಆಗುತ್ತದೆ. ರಾತ್ರಿ ಡೆಕ್ಕಿನ ಅಂಚಿಗೆ ಒಬ್ಬರೇ ಹೋಗಬಾರದು, ಲೈಫ್ ಜಾಕೆಟ್ ಕಳಚಬಾರದು. ಎಂಜಿನ್ ಸದ್ದಿನಲ್ಲಿ ನೀರಿಗೆ ಬಿದ್ದವರ ಕೂಗು ಕೇಳುವುದಿಲ್ಲ.