ನೂರಕ್ಕೆ ಎರಡೂವರೆ ರೂಪಾಯಿ

ರಂಜಾನ್‌ಗೆ ಗಂಗಾವತಿಗೆ ಬಂದಾಗ ಮಾಮು ತಮ್ಮ ಬಟ್ಟೆ ಅಂಗಡಿಯ ಲೆಕ್ಕದ ಪುಸ್ತಕ ನನ್ನ ಮುಂದಿಟ್ಟರು. ‘ಇಂಜಿನಿಯರ್ ಸಾಹೇಬ್ರ, ಈ ವರ್ಷದ ಜಕಾತ್ ಎಷ್ಟಾತು, ಲೆಕ್ಕ ಹಾಕ್ರಿ’ ಅಂತ ನಕ್ಕರು.

ನಮ್ಮ ಸಂಪತ್ತು 7.5 ತೊಲ ಚಿನ್ನ ಅಥವಾ 52.5 ತೊಲ ಬೆಳ್ಳಿಯ ಬೆಲೆ ಮುಟ್ಟಿ, ಒಂದು ಚಾಂದ್ರಮಾನ ವರ್ಷ ಕಳೆದರೆ ನೂರಕ್ಕೆ ಎರಡೂವರೆ ರೂಪಾಯಿ ಬಡವರ ಪಾಲು. ವಾಸದ ಮನೆ, ಓಡಾಡುವ ಬೈಕ್, ದುಡಿಯುವ ಹೊಲಿಗೆ ಯಂತ್ರ ಇದರಲ್ಲಿ ಸೇರುವುದಿಲ್ಲ. ನಗದು, ಚಿನ್ನ-ಬೆಳ್ಳಿ, ಮಾರಾಟದ ಸರಕು ಕೂಡಿಸಿ, ತೀರಿಸಬೇಕಾದ ಬಾಕಿ ಕಳೆಯಬೇಕು. ಮಾಮು ಲೆಕ್ಕ ಹೀಗಿತ್ತು: ಒಟ್ಟು 6 ಲಕ್ಷ, ಹೋಲ್‌ಸೇಲ್‌ನವರ ಬಾಕಿ 2 ಲಕ್ಷ. ಉಳಿದ 4 ಲಕ್ಷಕ್ಕೆ ಜಕಾತ್ 10 ಸಾವಿರ.

ಇದನ್ನು ಬರೀ ದಾನ ಅಂದುಕೊಂಡಿದ್ದೆ. ಲೆಕ್ಕ ಹಾಕುವಾಗ ಅದರ ಹಿಂದಿನ ಅರ್ಥಶಾಸ್ತ್ರ ಕಂಡಿತು. ಕಪಾಟಿನಲ್ಲಿ ಸುಮ್ಮನೆ ಬಿದ್ದ ಹಣವೂ ವರ್ಷವರ್ಷ ಪಾಲು ಕೊಡಬೇಕು. ಹಾಗಾಗಿ ಕೂಡಿಡುವುದಕ್ಕಿಂತ ದುಡಿಸುವುದೇ ಲಾಭ. ಪಡೆದವರು ಆ ಹಣವನ್ನು ಅಕ್ಕಿ, ಎಣ್ಣೆ, ಮಕ್ಕಳ ಬಟ್ಟೆಗೆಂದು ಇದೇ ಬಜಾರಿನಲ್ಲಿ ಖರ್ಚು ಮಾಡುತ್ತಾರೆ.

ಬೆಳೆಗೂ ‘ಉಷರ್’ ಎಂಬ ಲೆಕ್ಕವಿದೆ. ಯಲಬುರ್ಗಾದಲ್ಲಿ ಮಳೆ ನಂಬಿ ಬೆಳೆದರೆ ಹತ್ತರಲ್ಲಿ ಒಂದು ಪಾಲು. ಕುಷ್ಟಗಿಯಲ್ಲಿ ಕೊಳವೆಬಾವಿಯಿಂದ ನೀರೆತ್ತಿ ಬೆಳೆದರೆ ಇಪ್ಪತ್ತರಲ್ಲಿ ಒಂದು. ರೈತನ ಖರ್ಚು ಹೆಚ್ಚಾದರೆ ಕೊಡುವ ಪಾಲು ಅರ್ಧ!

ಪಾಕಿಸ್ತಾನದಲ್ಲಿ 1980ರ ಕಾನೂನಿನ ಪ್ರಕಾರ ಸರ್ಕಾರವೇ ಬ್ಯಾಂಕ್ ಉಳಿತಾಯ ಖಾತೆಗಳಿಂದ ಜಕಾತ್ ಕಡಿತ ಮಾಡಲು ಶುರು ಮಾಡಿತು. ಮಲೇಷ್ಯಾದಲ್ಲಿ ಜಕಾತ್ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಯಾರಿಗೆ, ಹೇಗೆ ಕೊಡಬೇಕು ಎಂದು ಕೊಡುವವರೇ ಯೋಚಿಸಬೇಕು.

ಮಾಮು ಪ್ರತಿ ವರ್ಷ ಸ್ವಲ್ಪ ಹಣಕ್ಕೆ ನೂರರ ನೋಟು ತಂದು ಅಂಗಡಿ ಮುಂದೆ ಹಂಚುತ್ತಿದ್ದರು. ಹೆಂಗಸರು, ವೃದ್ಧರು ಬಿಸಿಲಲ್ಲಿ ಸಾಲು ನಿಲ್ಲುತ್ತಿದ್ದರು. ಹಬ್ಬದ ಮರುದಿನ ಅವರ ಬದುಕು ಮತ್ತೆ ಹಾಗೇ. ‘ಕುರಾನ್ ಹೇಳುವ ಎಂಟು ವರ್ಗದ ಅರ್ಹರಲ್ಲಿ ಸಾಲಗಾರರೂ ಇದ್ದಾರಲ್ಲ ಮಾಮು, ಈ ಸಲ ಒಬ್ಬರ ಸಾಲವನ್ನೇ ತೀರಿಸೋಣ’ ಎಂದೆ.

ಮಾಮು ಮಾತಾಡದೆ ಎರಡು ವರ್ಷದ ಹಿಂದಿನ ಪುಟ ತೆರೆದರು. ಜಕಾತ್ ಪಟ್ಟಿಯಲ್ಲಿ ‘ಕಾಲೇಜು ಫೀಸು’ ಅಂತ ದೊಡ್ಡ ಮೊತ್ತವೊಂದಿತ್ತು. ಅದು ನನ್ನದೇ! ಅಬ್ಬಾ ರೈಸ್‌ಮಿಲ್‌ನಲ್ಲಿ ಹಮಾಲಿ. ಬಿಇ ಸೀಟು ಸಿಕ್ಕಾಗ ಕಡಿಮೆ ಬಿದ್ದ ಹಣವನ್ನು ಮಾಮು ಪ್ರೀತಿಯಿಂದ ಕೊಟ್ಟರು ಅಂತಷ್ಟೇ ನನಗೆ ಗೊತ್ತಿತ್ತು. ಜಕಾತ್ ಅಂತ ಹೇಳಿಯೇ ಕೊಡಬೇಕಿಲ್ಲವಂತೆ. ಪಡೆಯುವವರು ತಲೆ ತಗ್ಗಿಸಬಾರದು ಎಂದು ಅವರು ಹೇಳಿರಲಿಲ್ಲ.

ಒಂದು ಕ್ಷಣ ನಾಚಿಕೆಯಾಯಿತು. ಆ ಸಾಲಿನಲ್ಲಿ ನಿಂತವರನ್ನು ಕಂಡು ‘ಪಾಪ’ ಅಂದಿದ್ದೆ, ನಾನೂ ಅವರಲ್ಲೊಬ್ಬನೇ. ಆದರೆ ಆ ಹಣದಿಂದ ನನಗೆ ಮೂರನೇ ವರ್ಷದ ತನಕ ಬರಲು ದಾರಿಯಾಯಿತು.

ಈ ಸಲ ಆ 10 ಸಾವಿರದಲ್ಲಿ ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯೊಬ್ಬರ ಬಡ್ಡಿ ಸಾಲ ತೀರಿತು. ಮುಂದಿನ ವರ್ಷ ನನ್ನ ಬಿಇ ಮುಗಿಯುತ್ತದೆ. ಕೆಲಸ ಸಿಕ್ಕಿ ನಾಲ್ಕು ಕಾಸು ಉಳಿದ ಮೇಲೆ ನನ್ನ ಹೆಸರಲ್ಲೂ ಒಂದು ಲೆಕ್ಕದ ಪುಸ್ತಕ ಇಡಬೇಕು.