ಒಂದು ರೂಪಾಯಿಗೆ ಎಷ್ಟು ಕ್ಯಾಲೊರಿ?

"ಒಳ್ಳೇದು ತಿನ್ನೋಕೆ ದುಡ್ಡಲ್ಲ, ಮನಸ್ಸು ಬೇಕು" ಅನ್ನೋ ಮಾತು ನಮ್ಮ ಐಟಿ ಬಳಗದಲ್ಲಿ ಆಗಾಗ ಬರುತ್ತೆ. ಇವತ್ತು ಅದನ್ನ ಲೆಕ್ಕ ಹಾಕಿಯೇ ನೋಡೋಣ.

ನಮ್ಮ ದಹಿಸರ್ ಕಡೆಯ ಅಂಗಡಿ ದರವನ್ನು ಅಂದಾಜಿಗೆ ಹಿಡಿಯೋಣ. ಸಕ್ಕರೆ ಕಿಲೋಗೆ 45 ರೂಪಾಯಿ, ಅದರಲ್ಲಿ ಸುಮಾರು 4000 ಕ್ಯಾಲೊರಿ. ಅಂದ್ರೆ ರೂಪಾಯಿಗೆ ಹತ್ತಿರಹತ್ತಿರ 90. ಅಡುಗೆ ಎಣ್ಣೆ 150 ರೂಪಾಯಿ ಅಂದ್ರೆ ರೂಪಾಯಿಗೆ 60. ಅದೇ 150ಕ್ಕೆ ತೊಗರಿಬೇಳೆ ತಗೊಂಡ್ರೆ 22 ಚಿಲ್ಲರೆ. ಟೊಮೇಟೊ 40 ರೂಪಾಯಿ ಇದ್ದ ದಿನವೂ ಬರೀ 5. ಕ್ಯಾಲೊರಿಗೋಸ್ಕರ ಯಾರೂ ಟೊಮೇಟೊ ತಿನ್ನಲ್ಲ, ಒಪ್ಪಿದೆ. ಆದರೆ ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಮನುಷ್ಯ ಮೊದಲು ಹೊಟ್ಟೆ ತುಂಬಿಸ್ತಾನೆ, ವಿಟಮಿನ್ ಆಮೇಲೆ. ಮೈದಾ, ಆಲೂಗಡ್ಡೆ, ಎಣ್ಣೆ ಸೇರಿದ ವಡಾಪಾವ್ ಈ ಲೆಕ್ಕಕ್ಕೆ ಪಕ್ಕಾ ಉತ್ತರ. 12 ತಾಸು ಡ್ಯೂಟಿ ಮಾಡೋ ವಾಚ್‌ಮನ್ ಎರಡು ವಡಾಪಾವ್, ಮೂರ್ನಾಲ್ಕು ಚಹಾದಲ್ಲಿ ದಿನ ದೂಡಿದರೆ, ಅದು ಮನಸ್ಸಿಲ್ಲದ್ದಕ್ಕಲ್ಲ.

ಈ ಅಂತರ ತಾನಾಗಿ ಹುಟ್ಟಿದ್ದಲ್ಲ. ಅಕ್ಕಿ, ಗೋಧಿಗೆ ಬೆಂಬಲ ಬೆಲೆ ಇದೆ, ಸರ್ಕಾರಿ ಖರೀದಿ ಇದೆ, ಗೋದಾಮು, ಪಡಿತರ ಎಲ್ಲಾ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ, 2023ರಿಂದ ಪುಕ್ಕಟೆ. ದಿನಕ್ಕೆ ಸುಮಾರು 580 ಕ್ಯಾಲೊರಿ ಆಯ್ತು. ದೊಡ್ಡ ಕೆಲಸವೇ, ಅದನ್ನ ಕಡಿಮೆ ಮಾಡಿ ಅಂತ ನಾನು ಹೇಳ್ತಿಲ್ಲ. ಆದರೆ ಸೊಪ್ಪು, ಹಣ್ಣಿಗೆ ಇಂಥ ಆಸರೆ ಇಲ್ಲ. ನಾಸಿಕ್ ಕಡೆ ಬೆಳೆದ ತರಕಾರಿ ವಾಶಿಯ ಎಪಿಎಂಸಿ ಮುಟ್ಟಿ, ನಾಲ್ಕಾರು ಕೈ ದಾಟಿ ನಮ್ಮ ಬೀದಿಗೆ ಬರೋಷ್ಟರಲ್ಲಿ, ಕೊಳೆತದ್ದರ ನಷ್ಟವೂ ಉಳಿದದ್ದರ ಬೆಲೆಗೆ ಸೇರಿರುತ್ತೆ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ದಾಟಿದ್ದು ನೆನಪಿದೆ ಅಲ್ವಾ?

ಪರಿಣಾಮ ಎಲ್ಲಿ ಕಾಣುತ್ತೆ? ವಿಶ್ವಸಂಸ್ಥೆಯ 2024ರ ಆಹಾರ ವರದಿ ಪ್ರಕಾರ, 2022ರಲ್ಲಿ ಭಾರತದ ಅರ್ಧಕ್ಕಿಂತ ಹೆಚ್ಚು ಜನರಿಗೆ ಆರೋಗ್ಯಕರ ಊಟ ಕೈಗೆಟುಕುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇನ್ನೊಂದು ಕಡೆ, ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಕಬ್ಬಿಣಾಂಶ ಸಾಲದು, ಪಿಷ್ಟ ಜಾಸ್ತಿ: ಎರಡೂ ಒಂದೇ ತಟ್ಟೆಯಲ್ಲಿ ಸಾಧ್ಯ. ಸಕ್ಕರೆ ಕಾಯಿಲೆಗೆ ವಂಶ, ಕೂತೇ ಮಾಡೋ ಕೆಲಸ ಕೂಡ ಕಾರಣ. ಅದು ನಮ್ಮ ಪಾಲು.

ನಮ್ಮ ಪಾಲಿನ ಇನ್ನೊಂದು ತಮಾಷೆ ರಾಗಿಯದ್ದು. ಮುಂಬೈಯಲ್ಲಿ ಅದಕ್ಕೆ ನಾಚಣಿ ಅಂತಾರೆ. ಕಿರಾಣಿ ಅಂಗಡಿಯಲ್ಲಿ ನಾಚಣಿ ಅಂತ ಕೇಳಿದರೆ ಒಂದು ಬೆಲೆ, ಮಾಲ್‌ನಲ್ಲಿ ಸೂಪರ್‌ಫುಡ್ ಅಂತ ಡಬ್ಬಿಯಲ್ಲಿ ಕೂತರೆ ಇನ್ನೊಂದು. ಹಿಟ್ಟು ಅದೇ. ನಾವು ಡಬ್ಬಿಗೆ ಕೊಟ್ಟು ಸುಮ್ಮನಾಗಬಹುದು, ವಾಚ್‌ಮನ್‌ಗೆ ಆಗಲ್ಲ. ಅವರ ಲೆಕ್ಕ ಬದಲಾಗಬೇಕಾದ್ರೆ ಸಬ್ಸಿಡಿ ಧಾನ್ಯದಾಚೆಗೂ ಹೋಗಬೇಕು. ಹೊಸ ವಿಚಾರವೇನಲ್ಲ: ಕರ್ನಾಟಕದಲ್ಲಿ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಟ್ಟಿದ್ದಾರೆ. ಕ್ಷೀರ ಭಾಗ್ಯದಲ್ಲಿ 2013ರಿಂದ ಶಾಲಾ ಮಕ್ಕಳಿಗೆ ಹಾಲು, ಆಮೇಲೆ ಮೊಟ್ಟೆಯೂ ಬಂತು.